ಕೊನೆಗೆ ಆರಿಸಬೇಕಾದ ಬಿಡಿಭಾಗ: ಪಿಕಪ್ ಟ್ರಕ್ಕಿನ ಸ್ಟೀರಿಂಗ್ ಡ್ಯಾಂಪರ್

ಅಮೆರಿಕದ ಭಾರಿ ಪಿಕಪ್ ಟ್ರಕ್ಕೊಂದರ ಮುಂದೆ ಕುಕ್ಕರುಗಾಲಲ್ಲಿ ಕೂತು ಬಂಪರಿನ ಹಿಂದಕ್ಕೆ ಕಣ್ಣು ಹಾಯಿಸಿದರೆ, ಎರಡು ಗಾಲಿಗಳ ನಡುವೆ ಅಡ್ಡಲಾಗಿ ಮಲಗಿದ ಒಂದು ಕೊಳವೆ ಕಾಣುತ್ತದೆ. ನೋಡುವುದಕ್ಕೆ ಶಾಕ್ ಅಬ್ಸಾರ್ಬರಿನ ಹಾಗೆಯೇ ಇದೆ. ಆದರೆ ಶಾಕ್ ಅಬ್ಸಾರ್ಬರ್ ನಿಂತುಕೊಂಡು ಕೆಲಸ ಮಾಡುತ್ತದೆ, ಇದು ಮಲಗಿಕೊಂಡು. ಅದರ ಒಂದು ತುದಿ ಆಕ್ಸಲಿಗೋ ಚಾಸಿಗೋ ಬಿಗಿದಿರುತ್ತದೆ. ಇನ್ನೊಂದು ತುದಿ ಗಾಲಿಗಳನ್ನು ತಿರುಗಿಸುವ ಟೈ ರಾಡಿಗೆ ಅಥವಾ ಡ್ರ್ಯಾಗ್ ಲಿಂಕಿಗೆ. ಇದೇ ಸ್ಟೀರಿಂಗ್ ಸ್ಟೆಬಿಲೈಸರ್. ಗ್ಯಾರೇಜಿನವರು ಸ್ಟೀರಿಂಗ್ ಡ್ಯಾಂಪರ್ ಎಂದೂ ಕರೆಯುತ್ತಾರೆ. ಎರಡು ನಟ್ಟು ಬಿಚ್ಚಿದರೆ ಕೈಗೆ ಬರುತ್ತದೆ, ತುಕ್ಕು ಹಿಡಿದಿರದಿದ್ದರೆ ಅರ್ಧ ಗಂಟೆಯೊಳಗೆ ಹೊಸದು ಆ ಜಾಗದಲ್ಲಿ ಕೂರುತ್ತದೆ.

ಬದಲಾಯಿಸುವುದು ಇಷ್ಟು ಸುಲಭವಾದ್ದರಿಂದಲೇ, ಸ್ಟೀರಿಂಗ್ ನಡುಗಿದೊಡನೆ ಟ್ರಕ್ಕಿನ ಮಾಲೀಕರ ಕೈ ಮೊದಲು ಇದರ ಕಡೆಗೇ ಹೋಗುತ್ತದೆ. ಕೆಲಸ ಬಲ್ಲ ಮೆಕ್ಯಾನಿಕ್ಕಿನ ಕೈ ಇಲ್ಲಿಗೆ ಕೊನೆಗೆ ಬರುತ್ತದೆ. ಡ್ಯಾಂಪರ್ ಆರಿಸುವ ಕಸುಬಿನ ಅರ್ಧ ಜಾಣ್ಮೆ ಈ ಕ್ರಮದಲ್ಲಿದೆ. ಉಳಿದರ್ಧ, ಸಣ್ಣದೆನಿಸುವ ಈ ಕೊಳವೆಯೊಳಗಿನ ಎಣ್ಣೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದಿರುವುದರಲ್ಲಿದೆ. ಎರಡನ್ನೂ ನಿಧಾನವಾಗಿ ನೋಡುವುದು ಈ ಬರಹದ ಉದ್ದೇಶ.

ನಡುಕ ಹುಟ್ಟುವ ಬಗೆ

ವಿಮಾನ ನಿಲ್ದಾಣದಲ್ಲಿ ಸಾಮಾನಿನ ತಳ್ಳುಗಾಡಿಯನ್ನು ತುಸು ಜೋರಾಗಿ ತಳ್ಳಿದಾಗ ಅದರ ಒಂದು ಮುಂಗಾಲಿ ಎಡಕ್ಕೂ ಬಲಕ್ಕೂ ಪಟಪಟನೆ ಹೊಡೆದುಕೊಳ್ಳುವುದನ್ನು ಬಹಳ ಮಂದಿ ಕಂಡಿರುತ್ತಾರೆ. ಉರುಳುವ ಗಾಲಿ, ಅದನ್ನು ತಿರುಗಲು ಬಿಡುವ ಒಂದು ಕೀಲು, ಆ ಕೀಲಿನಲ್ಲಿ ಒಂದಿಷ್ಟು ಸಡಿಲ: ಇವು ಮೂರೂ ಸೇರಿದರೆ ಒಂದು ವೇಗದಲ್ಲಿ ಗಾಲಿ ತಾನಾಗಿಯೇ ಅಲುಗಾಡತೊಡಗುತ್ತದೆ. ಅಲುಗಾಟಕ್ಕೆ ಬೇಕಾದ ಶಕ್ತಿ ಹೊರಗಿನಿಂದ ಬರಬೇಕಿಲ್ಲ, ಗಾಡಿಯ ಓಟದಿಂದಲೇ ಬರುತ್ತದೆ. ಇಂಜಿನಿಯರುಗಳು ಇದನ್ನು ಶಿಮ್ಮಿ ಎನ್ನುತ್ತಾರೆ.

ಮೋಟಾರು ಗಾಡಿಗಳಿಗೆ ಈ ಕಾಟ ಅಂಟಿಕೊಂಡದ್ದು ನೂರು ವರ್ಷಗಳ ಹಿಂದೆ. 1923ರಲ್ಲಿ ಫೈರ್‌ಸ್ಟೋನ್ ಕಂಪನಿ ಅಗಲವಾದ, ಕಡಿಮೆ ಗಾಳಿ ಒತ್ತಡದ ಬಲೂನ್ ಟೈರುಗಳನ್ನು ತಂದಿತು. ಅದೇ ದಶಕದಲ್ಲಿ ಮುಂದಿನ ಗಾಲಿಗಳಿಗೂ ಬ್ರೇಕು ಬಂತು. ಮೆತ್ತನೆಯ ಟೈರಿನಿಂದ ಪ್ರಯಾಣವೇನೋ ಹಿತವಾಯಿತು, ಆದರೆ ಮುಂದಿನ ಆಕ್ಸಲ್ ನಡುಗತೊಡಗಿತು. ಫ್ರಾನ್ಸಿನ ಇಂಜಿನಿಯರ್ ಜಾರ್ಜ್ ಬ್ರೂಲಿಯೆ 1925ರಲ್ಲಿ ಇದರ ಬೆನ್ನು ಹತ್ತಿ, ಟೈರು ನೆಲ ಕಚ್ಚಿಕೊಂಡು ಸ್ವಲ್ಪ ಅಡ್ಡಕ್ಕೆ ಜಾರುವ ಗುಣಕ್ಕೂ ಈ ನಡುಕಕ್ಕೂ ನಂಟಿದೆ ಎಂದು ತೋರಿಸಿದರು. ಇಂದಿಗೂ ಟೈರುಗಳ ಶಾಸ್ತ್ರ ನಿಂತಿರುವುದು ಆ ಜಾರಿಕೆಯ ಲೆಕ್ಕದ ಮೇಲೆಯೇ. ಅಮೆರಿಕದ ಜನರಲ್ ಮೋಟಾರ್ಸ್ 1934ರ ಕಾರುಗಳಲ್ಲಿ ಎರಡು ಮುಂಗಾಲಿಗಳನ್ನೂ ಬಿಡಿಬಿಡಿಯಾಗಿ ತೂಗುಹಾಕುವ ಇಂಡಿಪೆಂಡೆಂಟ್ ಸಸ್ಪೆನ್ಷನ್ ತಂದದ್ದಕ್ಕೆ ಇದ್ದ ಕಾರಣಗಳಲ್ಲಿ ಈ ನಡುಕವೂ ಒಂದು. ಒಂದು ಗಾಲಿ ಗುಂಡಿಗೆ ಬಿದ್ದರೆ ಅದರ ಪೆಟ್ಟು ಇನ್ನೊಂದಕ್ಕೆ ದಾಟದಂತಾಯಿತು. ಕಾರುಗಳು ಹೀಗೆ ಪಾರಾದವು.

ಭಾರ ಹೊರುವ ಟ್ರಕ್ಕುಗಳು ಪಾರಾಗಲಿಲ್ಲ. ಫೋರ್ಡ್‌ನ ಎಫ್-250, ಎಫ್-350 ಸೂಪರ್ ಡ್ಯೂಟಿ, ರ‍್ಯಾಮ್ 2500ರಂಥ ನಾಲ್ಕು ಗಾಲಿಗೂ ಎಳೆತವಿರುವ ಪಿಕಪ್ಪುಗಳಲ್ಲಿ ಮುಂದಿನ ಎರಡು ಗಾಲಿಗಳನ್ನು ಇಂದಿಗೂ ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ. ಮುಂದೆ ಹಿಮ ತಳ್ಳುವ ಭಾರಿ ಫಲಕ ಕಟ್ಟಿದರೂ, ಹಿಂದೆ ಟನ್ನುಗಟ್ಟಲೆ ತೂಕದ ಟ್ರೇಲರ್ ಸಿಕ್ಕಿಸಿದರೂ ಗಟ್ಟಿ ಆಕ್ಸಲ್ ಜಗ್ಗುವುದಿಲ್ಲ ಎಂಬ ನಂಬಿಕೆ ಅದಕ್ಕೆ ಕಾರಣ. ಜನರಲ್ ಮೋಟಾರ್ಸ್ ಮಾತ್ರ 1988ರಿಂದ ತನ್ನ ಇಂಥ ಪಿಕಪ್ಪುಗಳಿಗೂ ಬಿಡಿ ಸಸ್ಪೆನ್ಷನ್ ಕೊಟ್ಟಿತು. ಫೋರ್ಡ್ 2005ರಲ್ಲಿ ತನ್ನ ಫೋರ್-ವೀಲ್-ಡ್ರೈವ್ ಸೂಪರ್ ಡ್ಯೂಟಿಯ ಮುಂಭಾಗದ ಲೀಫ್ ಸ್ಪ್ರಿಂಗ್ ತೆಗೆದು ಕಾಯಿಲ್ ಸ್ಪ್ರಿಂಗ್ ಹಾಕಿತು. ಲೀಫ್ ಸ್ಪ್ರಿಂಗ್ ಇದ್ದಲ್ಲಿ ಆಕ್ಸಲ್ಲನ್ನು ಅಕ್ಕಪಕ್ಕ ಸರಿಯದಂತೆ ಬಹುಮಟ್ಟಿಗೆ ಆ ಸ್ಪ್ರಿಂಗೇ ಹಿಡಿದುಕೊಳ್ಳುತ್ತದೆ. ಕಾಯಿಲ್ ಸ್ಪ್ರಿಂಗಿಗೆ ಆ ಹಿಡಿತವಿಲ್ಲ. ಅದಕ್ಕಾಗಿ ಚಾಸಿಯಿಂದ ಆಕ್ಸಲಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಳು ಬೇಕೇ ಬೇಕು. ಅದರ ಹೆಸರು ಟ್ರ್ಯಾಕ್ ಬಾರ್. ಈ ಸರಳಿನ ತುದಿಯ ಬುಶ್ ಸವೆದರೆ ಇಡೀ ಆಕ್ಸಲ್ಲೇ ಒಂದೆರಡು ಮಿಲಿಮೀಟರ್ ಆಚೀಚೆ ಆಡತೊಡಗುತ್ತದೆ.

ಆಗ ಆಗುವುದಕ್ಕೆ ಅಮೆರಿಕದ ಟ್ರಕ್ ಓಡಿಸುವವರು ಇಟ್ಟಿರುವ ಹೆಸರು ಡೆತ್ ವಾಬಲ್. ಹೆದ್ದಾರಿಯಲ್ಲಿ ಎಪ್ಪತ್ತು-ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಸೇತುವೆಯ ಜೋಡಣೆಯ ಮೇಲೋ ರಸ್ತೆಯ ಸಣ್ಣ ಗುಂಡಿಯ ಮೇಲೋ ಒಂದು ಗಾಲಿ ಹಾಯುತ್ತದೆ. ಅಷ್ಟೇ ಸಾಕು. ಎರಡೂ ಗಾಲಿಗಳು ಒಟ್ಟಾಗಿ ಎಡಬಲಕ್ಕೆ ಬಡಿದುಕೊಳ್ಳತೊಡಗುತ್ತವೆ, ಸ್ಟೀರಿಂಗ್ ಚಕ್ರ ಕೈಯಿಂದ ಕಿತ್ತುಕೊಳ್ಳುವ ಹಾಗೆ ಅದುರುತ್ತದೆ, ಬಾನೆಟ್ಟಿನ ತನಕ ಗಾಡಿ ನಡುಗುತ್ತದೆ. ವೇಗ ಇಳಿಸುವ ತನಕ ಅದು ನಿಲ್ಲುವುದಿಲ್ಲ. ಚಕ್ರವನ್ನು ಗಟ್ಟಿಯಾಗಿ ನೇರಕ್ಕೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಗಾಬರಿಯ ಬ್ರೇಕು ಹಾಕದೆ, ಗಾಡಿ ತಾನಾಗಿ ನಿಧಾನಗೊಳ್ಳಲು ಬಿಡಬೇಕು. ಒಮ್ಮೆ ಅನುಭವಿಸಿದವರು ಆ ಟ್ರಕ್ಕನ್ನು ಮತ್ತೆ ಅಷ್ಟು ವೇಗದಲ್ಲಿ ಓಡಿಸಲು ಅಂಜುತ್ತಾರೆ.

ಎಣ್ಣೆಯ ಗುಣ

ಈ ನಡುಕವನ್ನು ಹುಟ್ಟುವಾಗಲೇ ಅಡಗಿಸುವುದು ಡ್ಯಾಂಪರಿನ ಕೆಲಸ. ಅದು ಹೇಗೆಂದು ತಿಳಿಯಲು ಹಳೆಯ ಬುಲೆಟ್ ಬೈಕನ್ನು ನೆನೆದುಕೊಳ್ಳಬಹುದು. ಅದರ ಹ್ಯಾಂಡಲಿನ ನಟ್ಟನಡುವೆ ಒಂದು ದುಂಡನೆಯ ತಿರುಪು ಇರುತ್ತಿತ್ತು. ಅದೂ ಸ್ಟೀರಿಂಗ್ ಡ್ಯಾಂಪರೇ. ತಿರುಗಿಸಿ ಬಿಗಿ ಮಾಡಿದರೆ ಒಳಗಿನ ಬಿಲ್ಲೆಗಳು ಒಂದಕ್ಕೊಂದು ಒತ್ತಿಕೊಂಡು ಹ್ಯಾಂಡಲನ್ನು ಹಿಡಿಯುತ್ತಿದ್ದವು. ಒಣ ಉಜ್ಜಾಟದಿಂದ ಹಿಡಿಯುವ ಈ ಬಗೆಯಲ್ಲಿ ಒಂದು ಕೊರತೆ ಇದೆ. ಹ್ಯಾಂಡಲ್ ನಿಧಾನವಾಗಿ ತಿರುಗಿದರೂ, ಜಾಡಿಸಿದರೂ ಹಿಡಿತ ಹೆಚ್ಚುಕಡಿಮೆ ಒಂದೇ. ಜಾಡಿಸುವುದನ್ನು ತಡೆಯುವಷ್ಟು ಬಿಗಿ ಮಾಡಿದರೆ ಸಾಮಾನ್ಯ ತಿರುವಿನಲ್ಲೂ ಕೈ ನೋಯುತ್ತದೆ.

ಎಣ್ಣೆ ತುಂಬಿದ ಡ್ಯಾಂಪರ್ ಈ ಕೊರತೆಯನ್ನು ದಾಟಿತು. ಕೊಳವೆಯೊಳಗೆ ಎಣ್ಣೆ, ಎಣ್ಣೆಯಲ್ಲಿ ಮುಳುಗಿದ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು, ಆ ತೂತುಗಳನ್ನು ಮುಚ್ಚುವ ತೆಳು ಉಕ್ಕಿನ ಬಿಲ್ಲೆಗಳು. ಪಿಸ್ಟನ್ ನಿಧಾನವಾಗಿ ಸರಿದರೆ ಎಣ್ಣೆ ತೂತುಗಳಿಂದ ಸಲೀಸಾಗಿ ಹಾಯುತ್ತದೆ, ತಡೆ ಇಲ್ಲವೆನ್ನುವಷ್ಟು ಕಡಿಮೆ. ಜಾಡಿಸಿದರೆ ಎಣ್ಣೆಗೆ ಹಾಯಲು ಹೊತ್ತೇ ಸಿಗುವುದಿಲ್ಲ, ತಡೆ ಬಲವಾಗುತ್ತದೆ. ಚಾಲಕ ತಿರುವಿನಲ್ಲಿ ಚಕ್ರ ತಿರುಗಿಸುವುದು ನಿಧಾನದ ಚಲನೆ, ಡ್ಯಾಂಪರ್ ಅದಕ್ಕೆ ದಾರಿ ಬಿಡುತ್ತದೆ. ಕಲ್ಲು ಬಡಿದು ಗಾಲಿ ಜಾಡಿಸುವುದು ಚುರುಕಿನ ಚಲನೆ, ಅದನ್ನು ಹಿಡಿದು ನಿಲ್ಲಿಸುತ್ತದೆ. ನಡುಕದ ಶಕ್ತಿಯೆಲ್ಲ ಎಣ್ಣೆಯಲ್ಲಿ ಬಿಸಿಯಾಗಿ ಕರಗಿ, ಕೊಳವೆಯ ಮೈಯಿಂದ ಗಾಳಿಗೆ ಹೋಗುತ್ತದೆ. ಸೆನ್ಸರಿಲ್ಲ, ವಿದ್ಯುತ್ತಿಲ್ಲ, ಯೋಚಿಸುವ ಚಿಪ್ಪಿಲ್ಲ. ಚಾಲಕನ ಕೈಯ ಚಲನೆ ಯಾವುದು, ರಸ್ತೆಯ ಪೆಟ್ಟು ಯಾವುದು ಎಂದು ಬರೀ ವೇಗದಿಂದಲೇ ಬೇರ್ಪಡಿಸುವ ಈ ಉಪಾಯವನ್ನು ಎಷ್ಟು ಮೆಚ್ಚಿದರೂ ಸಾಲದು.

ಮೊದಲು ಹುಡುಕಾಟ

ನಡುಕವನ್ನು ಅಡಗಿಸುವ ಈ ಗುಣವೇ ಡ್ಯಾಂಪರಿನ ಅಪಾಯವೂ ಹೌದು. ಹೊಸ ಡ್ಯಾಂಪರ್ ಹಾಕಿದ ಮರುದಿನ ನಡುಕ ನಿಂತೀತು. ಆದರೆ ಸವೆದ ಬುಶ್ ಸವೆದೇ ಇರುತ್ತದೆ, ಸಡಿಲ ಬಾಲ್ ಜಾಯಿಂಟ್ ಸಡಿಲವಾಗಿಯೇ ಇರುತ್ತದೆ. ಅವು ಇನ್ನಷ್ಟು ಸವೆದು, ಕೆಲವು ತಿಂಗಳಾದ ಮೇಲೆ ಹೊಸ ಡ್ಯಾಂಪರನ್ನೂ ಮೀರಿ ನಡುಕ ಮರಳುತ್ತದೆ, ಮೊದಲಿಗಿಂತ ಜೋರಾಗಿ. ಅದಕ್ಕೇ ಅನುಭವಸ್ಥರು ಒಂದು ಒರೆಗಲ್ಲು ಇಟ್ಟುಕೊಂಡಿದ್ದಾರೆ: ಡ್ಯಾಂಪರ್ ಕಳಚಿಟ್ಟಾಗಲೂ ಗಾಡಿ ನಡುಗದೆ ಓಡಬೇಕು. ಹಾಗೆ ಓಡುವ ಗಾಡಿಗೆ ಮಾತ್ರ ಹೊಸ ಡ್ಯಾಂಪರ್ ಕೊಳ್ಳುವುದರಲ್ಲಿ ಅರ್ಥವಿದೆ.

ಹುಡುಕಾಟ ಟೈರಿನಿಂದ ಶುರುವಾಗುತ್ತದೆ. ಗಾಳಿ ಸರಿಯಿದೆಯೇ, ಮೈ ಒಂದೇ ಸಮನೆ ಸವೆದಿದೆಯೇ ಅಥವಾ ಅಲ್ಲಲ್ಲಿ ತಗ್ಗು ಬಿದ್ದಿದೆಯೇ ಎಂದು ಅಂಗೈ ಸವರಿ ನೋಡುತ್ತಾರೆ. ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ. ಮುಂದಿನ ಟೈರುಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಓಡಿಸಿ ನೋಡುವುದೂ ಉಂಟು. ನಡುಕದ ಸ್ವಭಾವ ಬದಲಾದರೆ ತಪ್ಪು ಟೈರಿನದ್ದು.

ಆಮೇಲಿನದ್ದು ಇಬ್ಬರು ಮಾಡುವ ಕೆಲಸ, ಈ ಕಸುಬಿನಲ್ಲಿ ಹತ್ತಿರ ನಿಂತು ನೋಡಬೇಕಾದದ್ದು. ಟ್ರಕ್ಕನ್ನು ಜ್ಯಾಕ್ ಮೇಲೆ ಎತ್ತುವುದಿಲ್ಲ. ಗಾಲಿಗಳ ಮೇಲೆ ಪೂರ್ತಿ ಭಾರವಿರುವಂತೆ ಸಮತಟ್ಟು ನೆಲದಲ್ಲಿ ನಿಲ್ಲಿಸುತ್ತಾರೆ. ಗೇರು ಪಾರ್ಕಿನಲ್ಲಿ, ಹ್ಯಾಂಡ್ ಬ್ರೇಕು ಹಾಕಿ, ಹಿಂದಿನ ಗಾಲಿಗೆ ಅಡ್ಡ ಕೊಟ್ಟು. ಪವರ್ ಸ್ಟೀರಿಂಗಿಗೆ ಬಲ ಬರಲೆಂದು ಇಂಜಿನ್ ಚಾಲೂ ಇರುತ್ತದೆ. ಒಬ್ಬರು ಒಳಗೆ ಕೂತು ಚಕ್ರವನ್ನು ಗಡಿಯಾರದ ಹನ್ನೊಂದರಿಂದ ಒಂದರವರೆಗೆ, ಒಂದರಿಂದ ಹನ್ನೊಂದಕ್ಕೆ ಆಡಿಸುತ್ತಲೇ ಇರುತ್ತಾರೆ. ಇನ್ನೊಬ್ಬರು ಕೆಳಗೆ ಅಂಗಾತ ಮಲಗಿ ಒಂದೊಂದೇ ಕೀಲಿನ ಮೇಲೆ ಬೆರಳಿಡುತ್ತಾರೆ. ಬೆರಳು ಎರಡು ಭಾಗಗಳು ಸೇರುವ ಗೆರೆಯ ಮೇಲೆ ಇರಬೇಕು, ಅರ್ಧ ಇತ್ತ, ಅರ್ಧ ಅತ್ತ. ಎರಡೂ ಒಟ್ಟಿಗೆ ಸರಿದರೆ ಕೀಲು ಗಟ್ಟಿ. ಒಂದು ಮೊದಲು ಸರಿದು ಇನ್ನೊಂದು ಚಿಟಿಕೆಯಷ್ಟು ತಡವಾಗಿ ಹಿಂಬಾಲಿಸಿದರೆ ಅಲ್ಲಿ ಪ್ಲೇ ಇದೆ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರಿನ ಆಟವೂ ಬೆರಳಿಗೆ ಟಕ್ ಎಂದು ತಿಳಿಯುತ್ತದೆ.

ಬೆರಳು ಹೋಗುವ ದಾರಿಯೂ ಗೊತ್ತುಮಾಡಿದ್ದು. ಸ್ಟೀರಿಂಗ್ ಬಾಕ್ಸ್, ಅದನ್ನು ಚಾಸಿಗೆ ಹಿಡಿದ ಬೋಲ್ಟುಗಳು, ಅದರಿಂದ ಹೊರಡುವ ತೋಳಾದ ಪಿಟ್‌ಮನ್ ಆರ್ಮ್, ಡ್ರ್ಯಾಗ್ ಲಿಂಕಿನ ಎರಡೂ ತುದಿ, ಟೈ ರಾಡ್ ಎಂಡುಗಳು. ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲುವುದು ಟ್ರ್ಯಾಕ್ ಬಾರಿನ ಎರಡು ತುದಿಗಳಲ್ಲಿ. ಅಲ್ಲಿ ಬುಶ್ ಮಾತ್ರ ಸವೆದಿದ್ದರೆ ಕೆಲಸ ಹಗುರ. ಬೋಲ್ಟು ಸಡಿಲವಾಗಿಯೇ ಬಹಳ ಕಾಲ ಓಡಿದ್ದರೆ ಬ್ರ್ಯಾಕೆಟ್ಟಿನ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಆಗ ಹೊಸ ಬುಶ್ ಹಾಕಿದರೂ ಪ್ರಯೋಜನವಿಲ್ಲ, ಬ್ರ್ಯಾಕೆಟ್ಟನ್ನೇ ಸರಿಪಡಿಸಬೇಕು. ಇಷ್ಟಾದ ಮೇಲೆ ಗಾಲಿಯನ್ನು ನೆಲದಿಂದ ಎತ್ತಿ, ಕೆಳಗೆ ಉದ್ದನೆಯ ಸರಳು ಕೊಟ್ಟು ಮೀಟಿ ಬಾಲ್ ಜಾಯಿಂಟ್ ಮತ್ತು ಬೇರಿಂಗ್ ನೋಡುತ್ತಾರೆ.

ಕೊನೆಯದು ಅಲೈನ್‌ಮೆಂಟ್, ಅದರಲ್ಲೂ ಕ್ಯಾಸ್ಟರ್ ಕೋನ. ಗಾಲಿ ತಿರುಗುವ ಅಕ್ಷ ಕೆಲವು ಡಿಗ್ರಿ ಹಿಂದಕ್ಕೆ ವಾಲಿರುವುದರಿಂದಲೇ ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ. ಟ್ರಕ್ಕನ್ನು ಎತ್ತರಿಸಲು ಉದ್ದದ ಸ್ಪ್ರಿಂಗ್ ಹಾಕಿಸಿ, ಆಕ್ಸಲನ್ನು ಹಿಡಿದ ತೋಳುಗಳನ್ನು ಹಾಗೇ ಬಿಟ್ಟರೆ ಆಕ್ಸಲ್ ಮುಂದಕ್ಕೆ ಹೊರಳಿ ಈ ಕೋನ ಕಡಿಮೆಯಾಗುತ್ತದೆ. ಎತ್ತರಿಸಿದ ಮರುವಾರವೇ ಗಾಡಿ ರಸ್ತೆಯಲ್ಲಿ ಅಲೆಯತೊಡಗಿದರೆ ಮೊದಲು ಅಳೆಯಬೇಕಾದದ್ದು ಈ ಕೋನವನ್ನು.

ಹಳೆಯದನ್ನು ಕೈಯಲ್ಲಿ ಹಿಡಿದು

ಇಷ್ಟೆಲ್ಲ ಸರಿಯಾದ ಮೇಲೆ ಹಳೆಯ ಡ್ಯಾಂಪರನ್ನು ಬಿಚ್ಚುತ್ತಾರೆ. ಮೈಮೇಲೆ ತೆಳ್ಳಗೆ ಎಣ್ಣೆಯ ಪಸೆ, ಅದರ ಮೇಲೆ ಧೂಳು ಕೂತಿದ್ದರೆ ಚಿಂತೆಯಿಲ್ಲ, ಸೀಲಿನ ಬಳಿ ಅಷ್ಟು ಸಹಜ. ಎಣ್ಣೆ ಹರಿದು ತೊಟ್ಟಿಕ್ಕಿದ್ದರೆ ಅದರ ಆಯುಸ್ಸು ಮುಗಿದಿದೆ. ರಾಡ್ ಬಾಗಿದೆಯೇ, ಕಲ್ಲು ಬಡಿದು ಕೊಳವೆ ನಜ್ಜಾಗಿದೆಯೇ ಎಂದೂ ನೋಡುತ್ತಾರೆ.

ಆಮೇಲೆ ಕೈಪರೀಕ್ಷೆ. ಗಾಡಿಯಲ್ಲಿ ಇದ್ದ ಹಾಗೆಯೇ ಅಡ್ಡಲಾಗಿ ಹಿಡಿದು, ರಾಡನ್ನು ಈ ಕೊನೆಯಿಂದ ಆ ಕೊನೆಗೆ ತಳ್ಳಿ ಎಳೆಯುತ್ತಾರೆ. ತಡೆ ಉದ್ದಕ್ಕೂ ಒಂದೇ ಸಮನೆ ಇರಬೇಕು, ತಳ್ಳುವಾಗಲೂ ಎಳೆಯುವಾಗಲೂ. ನಡುವೆ ಎಲ್ಲಾದರೂ ಇದ್ದಕ್ಕಿದ್ದಂತೆ ಹಗುರಾಗಿ ಜಾರಿ ಮತ್ತೆ ಹಿಡಿದುಕೊಂಡರೆ ಒಳಗೆ ಗಾಳಿ ಸೇರಿದೆ ಅಥವಾ ಕವಾಟ ಹೋಗಿದೆ. ನೇರ ಓಟದಲ್ಲಿ ಪಿಸ್ಟನ್ ಇರುವುದು ನಡುಭಾಗದಲ್ಲಿ. ಸವೆತವೂ ಅಲ್ಲೇ ಹೆಚ್ಚು, ಕೆಲಸ ಬೀಳುವುದೂ ಅಲ್ಲೇ. ಆದ್ದರಿಂದ ನಡುವಿನ ಒಂದೆರಡು ಅಂಗುಲವನ್ನು ಸಣ್ಣ ಸಣ್ಣ ಚಲನೆಯಲ್ಲಿ ಮತ್ತೆ ಮತ್ತೆ ಆಡಿಸಿ ನೋಡುವವರೇ ಪರೀಕ್ಷೆ ಬಲ್ಲವರು.

ಹೊಸದರಲ್ಲಿ ಏನು ನೋಡಬೇಕು

ಅಂಗಡಿಯಲ್ಲಿ ಸಿಗುವ ಡ್ಯಾಂಪರುಗಳ ಬೆಲೆ ಐವತ್ತು-ನೂರು ಡಾಲರಿನಿಂದ ಹಿಡಿದು ಹಲವು ನೂರು ಡಾಲರಿನವರೆಗೂ ಇದೆ. ಬಣ್ಣ ಮತ್ತು ಹೊಳಪನ್ನು ಬದಿಗಿಟ್ಟರೆ ನೋಡಬೇಕಾದ ಗುಣಗಳು ಕೆಲವೇ.

ಮೊದಲನೆಯದು, ಎರಡು ಕಡೆಗೂ ಸಮ ತಡೆ. ಗಾಡಿಯ ಮೇಲುಕೆಳಗಿನ ಕುಲುಕಾಟ ತಡೆಯುವ ಶಾಕ್ ಅಬ್ಸಾರ್ಬರನ್ನು ಸಾಮಾನ್ಯವಾಗಿ ಎಳೆಯುವಾಗ ಹೆಚ್ಚು, ಒತ್ತುವಾಗ ಕಡಿಮೆ ತಡೆ ಕೊಡುವಂತೆ ಮಾಡಿರುತ್ತಾರೆ. ಸ್ಟೀರಿಂಗಿನಲ್ಲಿ ಹಾಗಾಗುವಂತಿಲ್ಲ. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ ಇರಬೇಕು. ಅಳತೆ ಹೊಂದುತ್ತದೆಂದು ಸಾಮಾನ್ಯ ಶಾಕ್ ಅಬ್ಸಾರ್ಬರನ್ನೇ ತಂದು ಅಡ್ಡ ಮಲಗಿಸುವುದು ಇದೇ ಕಾರಣಕ್ಕೆ ತಪ್ಪು.

ಇನ್ನೊಂದು ಕಾರಣವೂ ಇದೆ. ಸಾಮಾನ್ಯ ಎರಡು ಕೊಳವೆಯ ಶಾಕ್ ಅಬ್ಸಾರ್ಬರಿನಲ್ಲಿ ಹೊರಕೊಳವೆಯ ಮೇಲ್ಭಾಗದಲ್ಲಿ ಸ್ವಲ್ಪ ಗಾಳಿ ಇರುತ್ತದೆ. ರಾಡ್ ಒಳಗೆ ಬಂದಾಗ ಎಣ್ಣೆಗೆ ಜಾಗ ಬೇಕಲ್ಲ, ಅದಕ್ಕೆ. ನೆಟ್ಟಗೆ ನಿಂತಿರುವ ತನಕ ಗಾಳಿ ಮೇಲೆಯೇ ಇರುತ್ತದೆ. ಮಲಗಿಸಿದರೆ ಅದು ಎಣ್ಣೆಯ ದಾರಿಗೆ ಬಂದು, ನೊರೆಯಾಗಿ, ಪಿಸ್ಟನ್ನಿನ ಹಿಡಿತ ತಪ್ಪಿಸುತ್ತದೆ. ಮಲಗಿ ಕೆಲಸ ಮಾಡಲೆಂದೇ ತಯಾರಾದ ಡ್ಯಾಂಪರಿನಲ್ಲಿ ಅನಿಲವನ್ನು ಚೀಲದಲ್ಲೋ, ಒಂಟಿ ಕೊಳವೆಯಾದರೆ ತೇಲುವ ಇನ್ನೊಂದು ಪಿಸ್ಟನ್ನಿನ ಆಚೆಗೋ ಬೇರೆಯಾಗಿ ಇಟ್ಟಿರುತ್ತಾರೆ.

ಈ ಒಂಟಿ ಕೊಳವೆಯ ಡ್ಯಾಂಪರು ಗಟ್ಟಿ, ಬೇಗ ಬಿಸಿ ಬಿಡುವಂಥದ್ದು. ಅದರಲ್ಲೂ ಒಂದು ವಿಷಯ ಗಮನಿಸಬೇಕು. ಒಳಗಿನ ಅನಿಲದ ಒತ್ತಡ ರಾಡನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಲೆಕ್ಕ ಹಾಕಿ ನೋಡಿ: 14 ಮಿಲಿಮೀಟರ್ ದಪ್ಪದ ರಾಡು, ಒಳಗೆ 10 ಬಾರ್ ಒತ್ತಡ ಎಂದಿಟ್ಟುಕೊಂಡರೆ ತಳ್ಳುವ ಬಲ ಸುಮಾರು 16 ಕೆ.ಜಿ. ತೂಕದಷ್ಟು. ಒತ್ತಡ ಅದಕ್ಕೂ ಹೆಚ್ಚಿದ್ದರೆ ತಳ್ಳುವಿಕೆಯೂ ಅದೇ ಪ್ರಮಾಣದಲ್ಲಿ ಹೆಚ್ಚು. ಇದು ದಿನವಿಡೀ ಸ್ಟೀರಿಂಗನ್ನು ಒಂದೇ ಕಡೆಗೆ ಒತ್ತುತ್ತಿದ್ದರೆ, ನೇರ ರಸ್ತೆಯಲ್ಲೂ ಗಾಡಿ ಪಕ್ಕಕ್ಕೆ ಸರಿಯುವುದನ್ನು ಚಾಲಕ ಕೈಯಲ್ಲಿ ತಿದ್ದುತ್ತಲೇ ಇರಬೇಕಾಗುತ್ತದೆ. ಇದಕ್ಕೆ ತಯಾರಕರು ಕಂಡುಕೊಂಡ ಪರಿಹಾರ ಸೊಗಸಾದದ್ದು: ರಾಡನ್ನು ಪಿಸ್ಟನ್ನಿನ ಎರಡೂ ಬದಿಗೆ ಚಾಚಿ, ಕೊಳವೆಯ ಎರಡೂ ಕೊನೆಯಿಂದ ಹಾಯಿಸುವುದು. ಫಾಕ್ಸ್ ಕಂಪನಿಯ ದುಬಾರಿ ಡ್ಯಾಂಪರುಗಳು ಈ ಬಗೆಯವು. ರಾಡ್ ಒಂದು ಕಡೆ ಒಳಗೆ ಬಂದಷ್ಟೇ ಇನ್ನೊಂದು ಕಡೆ ಹೊರಗೆ ಹೋಗುವುದರಿಂದ ಎಣ್ಣೆಯ ಜಾಗ ಬದಲಾಗುವುದೇ ಇಲ್ಲ, ತಳ್ಳುವ ಬಲವೂ ಎರಡು ಬದಿಗೆ ಸಮವಾಗಿ ರದ್ದಾಗುತ್ತದೆ. ಅಷ್ಟು ಹಣ ಹಾಕಲು ಆಗದವರಿಗೆ ಒತ್ತಡವಿಲ್ಲದ ಅಥವಾ ಕಡಿಮೆ ಒತ್ತಡದ ಸಾದಾ ಡ್ಯಾಂಪರು ಸಾಕು.

ಎರಡನೆಯ ಗುಣ ಉದ್ದ. ಇಲ್ಲಿ ಅಂದಾಜು ನಡೆಯುವುದಿಲ್ಲ, ಟೇಪು ಹಿಡಿಯಲೇಬೇಕು. ಸ್ಟೀರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸಿ ಡ್ಯಾಂಪರಿನ ಎರಡು ಬೋಲ್ಟುಗಳ ನಡುವಿನ ಅಂತರ ಅಳೆಯಬೇಕು, ಆಮೇಲೆ ಪೂರ್ತಿ ಬಲಕ್ಕೆ ತಿರುಗಿಸಿ ಮತ್ತೊಮ್ಮೆ. ಉದಾಹರಣೆಗೆ, ಒಂದು ಕಡೆ 36 ಸೆಂ.ಮೀ., ಇನ್ನೊಂದು ಕಡೆ 56 ಸೆಂ.ಮೀ. ಬಂತೆಂದುಕೊಳ್ಳಿ. ಪೂರ್ತಿ ಮಡಚಿದಾಗ 34ಕ್ಕೆ ಇಳಿಯುವ, ಪೂರ್ತಿ ಚಾಚಿದಾಗ 58ಕ್ಕೆ ಏರುವ ಡ್ಯಾಂಪರ್ ಅದಕ್ಕೆ ಒಪ್ಪುತ್ತದೆ. ಎರಡೂ ಕೊನೆಯಲ್ಲಿ ಉಳಿಯುವ ಆ ಜಾಗ ಕಡ್ಡಾಯ. ಗಾಲಿಯ ತಿರುವನ್ನು ನಿಲ್ಲಿಸಬೇಕಾದದ್ದು ಆಕ್ಸಲಿನ ಮೇಲಿರುವ ತಡೆಬೋಲ್ಟು, ಡ್ಯಾಂಪರಲ್ಲ. ಡ್ಯಾಂಪರೇ ಮೊದಲು ಕೊನೆ ಮುಟ್ಟಿದರೆ ಪವರ್ ಸ್ಟೀರಿಂಗಿನ ಬಲವೆಲ್ಲ ಅದರ ಮೇಲೆ ಬಿದ್ದು ರಾಡ್ ಬಾಗುತ್ತದೆ, ಇಲ್ಲವೇ ಬ್ರ್ಯಾಕೆಟ್ ಕಿತ್ತುಬರುತ್ತದೆ. ಕಂಪನಿಯ ಎತ್ತರದಲ್ಲೇ ಇರುವ ಟ್ರಕ್ಕಿಗೆ ಅದೇ ಮಾದರಿಗೆಂದು ಮಾಡಿದ ಡ್ಯಾಂಪರು ತಂದರೆ ಈ ಲೆಕ್ಕ ಆಗಿಯೇ ಇರುತ್ತದೆ. ಎತ್ತರಿಸಿದ ಟ್ರಕ್ಕಿಗೆ ಮತ್ತೆ ಅಳೆಯುವುದೇ ಸರಿ.

ಮೂರನೆಯದು ಕೋನ. ಡ್ಯಾಂಪರು ತಾನು ಹಿಡಿಯುವ ರಾಡಿನ ಸಾಲಿಗೇ ಮಲಗಿದ್ದರೆ ಅದರ ತಡೆಯೆಲ್ಲ ಕೆಲಸಕ್ಕೆ ಬರುತ್ತದೆ. 30 ಡಿಗ್ರಿ ಓರೆಯಾದರೆ ಮುಕ್ಕಾಲು ಪಾಲು ಉಳಿಯುತ್ತದೆ, 45 ಡಿಗ್ರಿಗೆ ಬರೀ ಅರ್ಧ. ಓರೆಯಾದಂತೆ ಪಿಸ್ಟನ್ ಸರಿಯುವ ವೇಗವೂ ಕಡಿಮೆ, ಹುಟ್ಟುವ ಬಲದಲ್ಲಿ ರಾಡಿನ ದಿಕ್ಕಿಗೆ ಸಿಗುವ ಪಾಲೂ ಕಡಿಮೆ. ನಷ್ಟ ಎರಡು ಸಲ ಆಗುತ್ತದೆ. ಹಾಗಾಗಿ ದುಬಾರಿ ಡ್ಯಾಂಪರನ್ನು ಓರೆಯಾಗಿ ಕೂರಿಸುವುದಕ್ಕಿಂತ ಸಾದಾ ಡ್ಯಾಂಪರನ್ನು ನೇರವಾಗಿ ಕೂರಿಸಿದವರು ಹೆಚ್ಚು ಪಡೆಯುತ್ತಾರೆ.

ನಾಲ್ಕನೆಯದು ತುದಿಗಳು. ಕೆಲವು ಟ್ರಕ್ಕಿಗೆ ಎರಡೂ ಕಡೆ ರಬ್ಬರ್ ಬುಶ್ ಇರುವ ಕಣ್ಣು, ಕೆಲವಕ್ಕೆ ಒಂದು ಕಡೆ ಟೇಪರ್ ಪಿನ್ನು. ಕೊಳ್ಳುವ ಮುನ್ನ ಹಳೆಯದರ ಪಕ್ಕ ಇಟ್ಟು ಹೋಲಿಸಬೇಕು. ಬುಶ್ ತೀರಾ ಮೆತ್ತಗಿದ್ದರೆ ರಾಡಿನ ಮೊದಲ ಒಂದೆರಡು ಮಿಲಿಮೀಟರ್ ಚಲನೆಯನ್ನು ರಬ್ಬರೇ ನುಂಗಿಬಿಡುತ್ತದೆ, ಪಿಸ್ಟನ್ ಅಲುಗುವುದೇ ಇಲ್ಲ. ನಡುಕ ಹುಟ್ಟುವುದು ಸರಿಯಾಗಿ ಆ ಒಂದೆರಡು ಮಿಲಿಮೀಟರಿನಲ್ಲಿ.

ಇನ್ನು ದೊಡ್ಡ ಟೈರು ಹಾಕಿಸಿದವರು ಕೇಳುವ ಎರಡು ಪ್ರಶ್ನೆಗಳಿವೆ. ಒಂದರ ಬದಲು ಎರಡು ಡ್ಯಾಂಪರ್ ಹಾಕಬಹುದೇ ಎಂಬುದು ಮೊದಲನೆಯದು. 37 ಅಂಗುಲದ ಭಾರಿ ಟೈರು ಜಾಡಿಸುವ ಬಲ ಹೆಚ್ಚಾದ್ದರಿಂದ, ಒರಟು ನೆಲದಲ್ಲಿ ಓಡುವವರಿಗೆ ಜೋಡಿ ಡ್ಯಾಂಪರಿನಿಂದ ಉಪಯೋಗವಿದೆ. ಎದುರುಬದುರಾಗಿ ಕೂರಿಸಿದರೆ ಅನಿಲದ ತಳ್ಳುವಿಕೆಯೂ ಒಂದಕ್ಕೊಂದು ಸರಿಹೋಗುತ್ತದೆ. ಆದರೆ ತಡೆ ದುಪ್ಪಟ್ಟಾದಾಗ ತಿರುವಿನ ನಂತರ ಚಕ್ರ ನೇರಕ್ಕೆ ಮರಳುವುದು ನಿಧಾನವಾಗುತ್ತದೆ, ರಸ್ತೆಯ ಸುದ್ದಿ ಕೈಗೆ ಮಂದವಾಗಿ ಮುಟ್ಟುತ್ತದೆ. ಎರಡನೆಯ ಪ್ರಶ್ನೆ, ಸ್ಪ್ರಿಂಗ್ ಸುತ್ತಿದ ಡ್ಯಾಂಪರಿನದ್ದು. ಅದು ಚಕ್ರವನ್ನು ನಡುವಿಗೆ ತಾನೇ ತಂದು ನಿಲ್ಲಿಸುತ್ತದೆ, ಭಾರಿ ಮೋಟರ್‌ಹೋಮ್ ಓಡಿಸುವವರಲ್ಲಿ ಅದಕ್ಕೆ ಬೇಡಿಕೆಯಿದೆ. ಪಿಕಪ್ಪಿನಲ್ಲಿ ಮಾತ್ರ, ಚಕ್ರ ನಡುವಿಗೆ ಬರಬೇಕಾದದ್ದು ಕ್ಯಾಸ್ಟರಿನಿಂದ. ಕ್ಯಾಸ್ಟರ್ ಸರಿಯಿಲ್ಲದೆ ಸ್ಪ್ರಿಂಗಿನಿಂದ ಆ ಕೆಲಸ ಮಾಡಿಸಿದರೆ ಅಲೈನ್‌ಮೆಂಟಿನ ತಪ್ಪು ಕಾಣದೆ ಉಳಿಯುತ್ತದೆ.

ಡ್ಯಾಂಪರೇ ಕಾರಣವಾದಾಗ

ತಪ್ಪು ನಿಜಕ್ಕೂ ಡ್ಯಾಂಪರಿನದ್ದೇ ಆಗಿರುವುದೂ ಇದೆ. ಜೀಪ್ ಕಂಪನಿಯ 2018ರ ಹೊಸ ರ‍್ಯಾಂಗ್ಲರ್ ಮತ್ತು ಅದರ ಬೆನ್ನಿಗೆ ಬಂದ ಗ್ಲೇಡಿಯೇಟರ್ ಪಿಕಪ್, ಎರಡಕ್ಕೂ ಮುಂದೆ ಗಟ್ಟಿ ಆಕ್ಸಲ್ಲೇ. ನಡುಕದ ದೂರುಗಳು ಬಂದ ಮೇಲೆ, ಆಗ ಅವುಗಳನ್ನು ತಯಾರಿಸುತ್ತಿದ್ದ ಫಿಯೆಟ್ ಕ್ರೈಸ್ಲರ್ 2019ರಲ್ಲಿ ಮಾಲೀಕರಿಗೆ ಹೊಸ ವಿನ್ಯಾಸದ ಡ್ಯಾಂಪರ್ ಹಾಕಿಕೊಡಲು ಮುಂದಾಯಿತು. ಹೊರಗಿನ ಚಳಿ ಹೆಚ್ಚಿದಂತೆ ಮೊದಲಿನ ಡ್ಯಾಂಪರಿಗೆ ಕಂಪನ ಅಡಗಿಸುವ ಶಕ್ತಿ ಕುಗ್ಗುತ್ತಿತ್ತು ಎಂಬುದು ಅವರ ಇಂಜಿನಿಯರುಗಳು ಕಂಡುಕೊಂಡ ಕಾರಣ. ನಡುಕ ಚಳಿಗಾಲದಲ್ಲಿ ಮಾತ್ರ ಕಾಡುತ್ತದೆಯೇ, ಬೆಳಗಿನ ಮೊದಲ ಕೆಲವು ಮೈಲಿಗಳಲ್ಲಿ ಮಾತ್ರವೇ ಎಂದು ಮೆಕ್ಯಾನಿಕ್ ವಿಚಾರಿಸಿದರೆ ಅದನ್ನು ಸುಮ್ಮನೆ ಕೇಳಿದ ಮಾತೆಂದು ತಿಳಿಯಬಾರದು. ಎಣ್ಣೆಯ ಸ್ಥಿತಿ ಆ ಉತ್ತರದಲ್ಲಿದೆ.

ನಮ್ಮ ಕಡೆಯ ಗಾಡಿಗಳು

ಈ ತಿಳಿವಳಿಕೆ ಅಮೆರಿಕದ ಪಿಕಪ್ಪಿಗಷ್ಟೇ ಮೀಸಲಲ್ಲ. ಭಾರತದಲ್ಲಿ ಬಹುಕಾಲ ಓಡಿದ ಮಾರುತಿ ಜಿಪ್ಸಿಗೆ ಮುಂದೂ ಹಿಂದೂ ಗಟ್ಟಿ ಆಕ್ಸಲ್, ಅದಕ್ಕೆ ಕಂಪನಿಯಿಂದಲೇ ಸ್ಟೀರಿಂಗ್ ಡ್ಯಾಂಪರ್ ಬರುತ್ತಿತ್ತು. 2023ರಲ್ಲಿ ಇಲ್ಲಿ ಮಾರಾಟಕ್ಕೆ ಬಂದ ಜಿಮ್ನಿಯೂ ಅದೇ ದಾರಿಯದ್ದು. ಮಡಿಕೇರಿಯ ಕಡೆಯಿಂದ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ, ಕಾಫಿ ತೋಟದ ದಾರಿಗಳಲ್ಲಿ ಮೂಟೆ ಹೊರುವ ಹಳೆಯ ಮಹೀಂದ್ರ ಜೀಪುಗಳಲ್ಲೂ ಗಟ್ಟಿ ಆಕ್ಸಲ್ಲೇ, ಲೀಫ್ ಸ್ಪ್ರಿಂಗಿನ ಮೇಲೆ. ಟ್ರ್ಯಾಕ್ ಬಾರಿನ ಜಾಗದಲ್ಲಿ ಇವಕ್ಕೆ ಲೀಫ್ ಸ್ಪ್ರಿಂಗಿನ ಬುಶ್ಶು, ಶ್ಯಾಕಲ್ ಮತ್ತು ಯು-ಬೋಲ್ಟನ್ನು ನೋಡಬೇಕು. ಒಬ್ಬರು ಚಕ್ರ ಆಡಿಸಿ, ಇನ್ನೊಬ್ಬರು ಕೆಳಗೆ ಬೆರಳಿಟ್ಟು ನೋಡುವ ಕ್ರಮ ಇಲ್ಲಿಗೂ ಅಷ್ಟೇ ಸಲ್ಲುತ್ತದೆ.

ಕೂರಿಸುವುದು ಮತ್ತು ಖರ್ಚು

ಹೊಸ ಡ್ಯಾಂಪರನ್ನು ಕೂರಿಸುವಾಗ ಗಾಲಿಗಳು ನೇರಕ್ಕಿರಬೇಕು, ಗಾಡಿಯ ಭಾರ ನೆಲದ ಮೇಲಿರಬೇಕು. ರಬ್ಬರ್ ಬುಶ್ಶಿನ ಬೋಲ್ಟನ್ನು ಆ ಸ್ಥಿತಿಯಲ್ಲೇ, ಕೈಪಿಡಿ ಹೇಳಿದ ಟಾರ್ಕಿಗೆ ಬಿಗಿಯಬೇಕು. ಗಾಲಿ ಒಂದು ಕಡೆ ತಿರುಗಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಸೀಳುತ್ತದೆ. ಆಮೇಲೆ ಇಂಜಿನ್ ಚಾಲೂ ಮಾಡಿ, ಕೊನೆಯಿಂದ ಕೊನೆಗೆ ನಿಧಾನವಾಗಿ ತಿರುಗಿಸಿ, ಕೊಳವೆ ಡಿಫರೆನ್ಷಿಯಲ್ಲಿನ ಮುಚ್ಚಳಕ್ಕೋ ಬ್ರೇಕಿನ ಪೈಪಿಗೋ ತಾಗುವುದಿಲ್ಲ ಎಂದು ಕಣ್ಣಾರೆ ನೋಡಬೇಕು. ಕೆಲವು ನೂರು ಮೈಲಿ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಟಾರ್ಕ್ ರೆಂಚಿಗೆ ಒಪ್ಪಿಸಿದರೆ ಕೆಲಸ ಮುಗಿಯಿತು.

ಈಗ ಹಣದ ಮಾತು. ಹಳೆಯ ಪಿಕಪ್ಪು ಕೊಂಡ ಗೆಳೆಯರು ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ನಡುಕಕ್ಕೆಂದು ನೀವು ಎತ್ತಿಟ್ಟ ಹಣದಲ್ಲಿ ದೊಡ್ಡ ಪಾಲು ಟ್ರ್ಯಾಕ್ ಬಾರಿನ ಬುಶ್, ಬಾಲ್ ಜಾಯಿಂಟ್, ಬ್ಯಾಲೆನ್ಸಿಂಗ್, ಅಲೈನ್‌ಮೆಂಟಿಗೆ ಹೋಗಲಿ. ಉಳಿದದ್ದರಲ್ಲಿ ಅಳತೆ ಸರಿಯಿರುವ, ಎರಡು ಕಡೆಗೂ ಸಮನಾದ ತಡೆ ಕೊಡುವ ಸಾದಾ ಡ್ಯಾಂಪರ್ ತನ್ನಿ. ಕಲ್ಲು ಗುಡ್ಡಗಳಲ್ಲಿ, ಮರಳುಗಾಡಿನಲ್ಲಿ ದೊಡ್ಡ ಟೈರಿನ ಮೇಲೆ ಓಡಿಸುವವರು ನೀವಾದರೆ ಮಾತ್ರ ಎರಡೂ ಬದಿಗೆ ರಾಡ್ ಹಾಯುವ ದುಬಾರಿಯದಕ್ಕೆ ಮನಸ್ಸು ಮಾಡಿ. ಅಲ್ಲಿ ಅದು ಕೊಟ್ಟ ಪ್ರತಿ ಡಾಲರಿಗೂ ದುಡಿಯುತ್ತದೆ. ಮೆಕ್ಯಾನಿಕ್ಕನ್ನು ಆರಿಸುವುದಕ್ಕೂ ಇದೇ ಅಳತೆಗೋಲು ಸಾಕು. ನಡುಕದ ಮಾತೆತ್ತಿದೊಡನೆ ಡ್ಯಾಂಪರಿನ ಡಬ್ಬ ತೆರೆಯುವವರಿಗಿಂತ, ಒಬ್ಬರನ್ನು ಒಳಗೆ ಕೂರಿಸಿ ತಾನು ನೆಲಕ್ಕೆ ಮೈ ಚಾಚುವವರ ಕೈಗೆ ಟ್ರಕ್ಕು ಕೊಡಿ. ಅವರು ಕೊನೆಗೆ ಆರಿಸಿಕೊಟ್ಟ ಡ್ಯಾಂಪರ್ ಯಾವುದೇ ಆದರೂ ಹೆಚ್ಚು ವರ್ಷ ಬಾಳುತ್ತದೆ, ಏಕೆಂದರೆ ಬೇರೆ ಭಾಗಗಳ ಸಡಿಲವನ್ನು ಹೊರುವ ಹೊಣೆ ಅದರ ಮೇಲೆ ಇರುವುದಿಲ್ಲ.